ಉಪ್ಪು ಹೆಚ್ಚಿದ ಮನೆಯಲ್ಲಿ ಕಳೆಯುವ ಲೆಕ್ಕ

ಇವತ್ತು ಬೆಳಿಗ್ಗೆ ಉಪ್ಪಿನ ಭರಣಿಗೆ ಕೈ ಹಾಕಿದೆ, ಬೆರಳಿಗೆ ತಳ ಸಿಕ್ಕಿತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. "ಚಂದು, ಉಪ್ಪು ಹೆಚ್ಚಿದೆ ಮಗ, ಓಡೋಗಿ ಒಂದು ಪ್ಯಾಕೆಟ್ ತಕ್ಕೊಂಡು ಬಾ" ಎಂದು ಕೂಗಿದೆ. ಚಂದು ಎಂದರೆ ಚಂದನಾ, ನನ್ನ ತಮ್ಮನ ಮಗಳು. ಅವಳು ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟಿದಳು. ಬೇಲಿಯಾಚೆ ಪಾತ್ರೆ ತೊಳೆಯುತ್ತಿದ್ದ ಪಕ್ಕದ ಮನೆಯಕ್ಕ ಸಾರಮ್ಮ ಚೇಚಿ ಎಲ್ಲಿಗೆ ಹೊರಟೆ ಎಂದು ಕೇಳಿರಬೇಕು. "ಉಪ್ಪು ತೀರ್ನು ಚೇಚೀ" ಎಂದು ಇವಳು ಮಲಯಾಳದಲ್ಲಿ ಹೇಳಿದ್ದು ಅಡುಗೆಮನೆಯವರೆಗೂ ಕೇಳಿಸಿತು. ಅದೇ ಉಪ್ಪು, ಅದೇ ಹುಡುಗಿ. ಬಾಗಿಲಲ್ಲಿ ಹೆಚ್ಚಿದ್ದ ಉಪ್ಪು ಬೇಲಿಯ ಹತ್ತಿರ ಹೋಗುವಷ್ಟರಲ್ಲಿ ತೀರಿಹೋಗಿತ್ತು. ನಾನು ಸೌಟು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. ಸಾರು ಉಕ್ಕಿ ಒಲೆಯೆಲ್ಲ ಹಾಳಾಯಿತು.

ಗಡಿಯಾಚೆ ಮಲಯಾಳದ ಸೀಮೆಯಲ್ಲಿರುವ ಕಲ್ಲೂರಿನ ನಮ್ಮ ಮನೆಯಲ್ಲಿ ಕನ್ನಡದಲ್ಲಿ ಯಾವುದೂ ಮುಗಿಯುವುದಿಲ್ಲ. ಮುಗಿಯಲು ನನ್ನ ಅವ್ವ ಬಿಡುವುದಿಲ್ಲ. ಡಬ್ಬಿಯಲ್ಲಿ ಅಕ್ಕಿ ಇಲ್ಲದಿದ್ದರೆ ಅಕ್ಕಿ ಹೆಚ್ಚಿದೆ ಅನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಿತು. ದೀಪವನ್ನು ಆರಿಸುವಂತಿಲ್ಲ, ಶಾಂತ ಮಾಡಬೇಕು. ಹೊರಗೆ ಹೊರಟವರು ಹೋಗ್ತೀನಿ ಅನ್ನುವಂತಿಲ್ಲ. ಬತ್ತೀನಿ ಅನ್ನಬೇಕು. ಬಾಯಿ ತಪ್ಪಿ ಹೋಗ್ತೀನಿ ಅಂದರೆ ಮೆಟ್ಟಿಲಿಳಿದವರನ್ನು ವಾಪಸು ಕರೆದು, ಒಂದು ಲೋಟ ನೀರು ಕುಡಿಸಿ, ಬತ್ತೀನಿ ಅನ್ನಿಸಿಯೇ ಕಳಿಸುತ್ತಾಳೆ. ಹೀಗೆ ನೀರು ಕುಡಿದು ನಾನು ಬತ್ತೇರಿ ಪೇಟೆಯ ಬಸ್ಸು ತಪ್ಪಿಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ, ನಗಬೇಡಿ.

ನಮ್ಮ ಹಿರಿಯರು ಕಾಡಿನ ಆಚೆಯಿಂದ, ಗುಂಡ್ಲುಪೇಟೆಯ ಕಡೆಯಿಂದ ಬಂದವರು. ಬರುವಾಗ ಎತ್ತು, ತಾಮ್ರದ ಹಂಡೆ, ಹೊತ್ತು ಮುಳುಗುವ ಮೊದಲೇ ಊಟ ಮಾಡುವ ಜೈನರ ಪದ್ಧತಿ ಮತ್ತು ಈ ಮಾತುಗಳನ್ನು ತಂದರಂತೆ. ಎತ್ತು ಯಾವತ್ತೋ ಇಲ್ಲವಾದವು. ಹಂಡೆ ಅಟ್ಟದಲ್ಲಿದೆ. ಊಟದ ಹೊತ್ತು ಮತ್ತು ಮಾತು ಅವ್ವನ ದೆಸೆಯಿಂದ ಉಳಿದಿವೆ. ಬಾಗಿಲಾಚೆ ಎಲ್ಲ ಮಲಯಾಳವೇ. ಸ್ಕೂಲು, ರೇಷನ್ ಅಂಗಡಿ, ಆಸ್ಪತ್ರೆ, ಬಸ್ಸು, ಬೈಗುಳ, ಎಲ್ಲವೂ. ಹಾಗಾಗಿ ಮುಗಿಯುವ, ಒಡೆಯುವ, ಆರಿಹೋಗುವ ಕೆಲಸಗಳನ್ನೆಲ್ಲ ನಾವು ಮಲಯಾಳಕ್ಕೆ ಬಿಟ್ಟುಕೊಟ್ಟು, ಕನ್ನಡವನ್ನು ಬರೇ ಹೆಚ್ಚುವುದಕ್ಕೆ ಇಟ್ಟುಕೊಂಡಿದ್ದೇವೇನೋ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಇದರಿಂದ ಎಡವಟ್ಟುಗಳೂ ಆಗುತ್ತಿದ್ದವು. ನಾನು ಚಿಕ್ಕವಳಿದ್ದಾಗ ಒಂದು ದಿನ ಅಪ್ಪ ಊಟಕ್ಕೆ ಕೂತು, ಒಂದು ತುತ್ತು ಬಾಯಿಗಿಟ್ಟು, "ಉಪ್ಪು ಹೆಚ್ಚಿದೆ" ಎಂದರು. ಹೇಳಿದ ಮಾತು ಕೇಳುವ ಹುಡುಗಿ ನಾನು. ಎದ್ದವಳೇ ಅಂಗಡಿಗೆ ಓಡಿ ಒಂದು ಪೊಟ್ಟಣ ಕಲ್ಲುಪ್ಪು ತಂದು ಅವರ ತಟ್ಟೆಯ ಪಕ್ಕದಲ್ಲಿಟ್ಟೆ. ಅಪ್ಪ ಪೊಟ್ಟಣ ನೋಡಿದರು, ಸಾರು ನೋಡಿದರು. "ಇನ್ನೂ ಸುರೀಬೇಕು ಅಂತಿದ್ದೀಯೇನೆ" ಎಂದರು. ಅವ್ವ ಬೈದದ್ದು ನನಗಲ್ಲ, ಅಪ್ಪನಿಗೆ. ಸಾರಿಗೆ ಉಪ್ಪು ಜಾಸ್ತಿಯಾದರೆ ಉಪ್ಪು ಮುಂದಾಗಿದೆ ಅನ್ನಬೇಕಂತೆ. ಹೆಚ್ಚಿದೆ ಅನ್ನುವುದು ಇಲ್ಲದ್ದಕ್ಕೆ ಮಾತ್ರವಂತೆ. ಅಪ್ಪ ಅಂದಿನಿಂದ ಸಾರಿನ ವಿಷಯವಾಗಿ ಅಭಿಪ್ರಾಯ ಹೇಳುವುದನ್ನೇ ಬಿಟ್ಟರು.

ಇಂಥ ಮನೆಯಲ್ಲಿ ಬೆಳೆದ ನಾನು ಏನಾದೆ ಅನ್ನುತ್ತೀರಿ, ಕಳೆಯುವ ಲೆಕ್ಕ ಕಲಿಸುವ ಟೀಚರಾದೆ. ಬತ್ತೇರಿಯ ಒಂದು ಪ್ರೈಮರಿ ಸ್ಕೂಲಿನಲ್ಲಿ ಚಿಕ್ಕ ಕ್ಲಾಸುಗಳಿಗೆ ಎಲ್ಲ ವಿಷಯವನ್ನೂ ಹೇಳಿಕೊಡುತ್ತೇನೆ. ಆದರೆ ಕೂಡುವುದು ಬಂದು ಕಳೆಯುವುದು ಬಾರದ ಮಕ್ಕಳನ್ನು ಬೇರೆ ಕ್ಲಾಸುಗಳಿಂದಲೂ ನನ್ನ ಹತ್ತಿರ ಕಳಿಸುತ್ತಾರೆ. ನನ್ನ ಚೀಲದಲ್ಲಿ ಯಾವಾಗಲೂ ಹುಣಸೆಬೀಜ, ಐಸ್‌ಕ್ರೀಮಿನ ಕಡ್ಡಿ, ಸೋಡಾ ಬಾಟಲಿಯ ಮುಚ್ಚಳ ಇರುತ್ತವೆ. ಬಸ್ಸಿನಲ್ಲಿ ಚಿಲ್ಲರೆಗೆಂದು ಕೈ ಹಾಕಿದರೆ ಮುಚ್ಚಳ ಬರುತ್ತದೆ. ಕಂಡಕ್ಟರುಗಳಿಗೆ ಅಭ್ಯಾಸವಾಗಿದೆ. ಎದುರಿಗಿರುವುದರಿಂದ ಒಂದಿಷ್ಟನ್ನು ತೆಗೆದು ಆಚೆಗಿಟ್ಟು, ಉಳಿದದ್ದನ್ನು ಎಣಿಸು ಅನ್ನುವುದು, ಇಷ್ಟೇ ನನ್ನ ವಿದ್ಯೆ. ಇಷ್ಟನ್ನೇ ಹೇಳಿಕೊಂಡು ಇಷ್ಟು ವರ್ಷ ಸಂಬಳ ತಗೊಂಡಿದ್ದೇನೆ.

ಆ ವಿದ್ಯೆಯೂ ನನಗೆ ನೆಟ್ಟಗೆ ಬಂದದ್ದಲ್ಲ. ನನಗೆ ಲೆಕ್ಕ ಕಲಿಸಿದವರು ಅಪ್ಪ, ಇದೇ ಜಗಲಿಯಲ್ಲಿ ಕೂರಿಸಿಕೊಂಡು. ಏಳು ಹುಣಸೆಬೀಜ ಮುಂದಿಟ್ಟು, "ಏಳರಲ್ಲಿ ಮೂರು ಕಳೆ" ಎಂದರು. ನಾನು ಮೂರು ಬೀಜ ಎತ್ತಿ ಅಂಗಳಕ್ಕೆ ಎಸೆದೆ. ಆಗಷ್ಟೇ ಸ್ಕೂಲಿಗೆ ಸೇರಿದ್ದೆ, ಬಾಯಿಗೆ ಹೊಸ ಮಲಯಾಳ ಬಂದಿತ್ತು. ಮಲಯಾಳದಲ್ಲಿ ಕಳ ಅಂದರೆ ಬಿಸಾಡು ಎಂದು ಅರ್ಥ. ಅಪ್ಪ ಮತ್ತೆ ಮೂರು ಬೀಜ ಇಟ್ಟು, ಇನ್ನೊಮ್ಮೆ ಹೇಳಿದರು. ಮತ್ತೆ ಎಸೆದೆ. ಕೋಳಿಗಳು ಓಡಿಬಂದು ಕೊಕ್ಕಿನಿಂದ ಮುಟ್ಟಿ ನೋಡಿ, ತಿನ್ನುವುದಲ್ಲ ಎಂದು ಗೊತ್ತಾಗಿ ಹೋದವು. ಅಪ್ಪನಿಗೆ ಸಿಟ್ಟು ಬರಲಿಲ್ಲ. "ಇವಳು ಸಂಸಾರ ಮಾಡೋಳಲ್ಲ ಬಿಡು" ಎಂದು ಒಳಗೆ ಕೇಳುವ ಹಾಗೆ ಅಂದರು. ಆ ಮಾತು ನಿಜವಾಯಿತು ಅನ್ನಿ. ನಾನು ಮದುವೆ ಗಿದುವೆ ಅಂತ ಹೋಗದೆ ತಮ್ಮನ ಸಂಸಾರದಲ್ಲೇ ಇದ್ದುಬಿಟ್ಟೆ.

ಅಪ್ಪ ಕಾಲವಾದ ಮೇಲೆ ತಮ್ಮ ನೇಮಿ ಮದುವೆಯಾಗಿದ್ದು ಪ್ರಭಾಳನ್ನು. ಚಾಮರಾಜನಗರದ ಕಡೆಯ ಹುಡುಗಿ. ನಮ್ಮ ಬೆರಕೆ ಕನ್ನಡ ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಇದು ಕನ್ನಡವಾ ಅತ್ತಿಗೆ? ಪರೀಕ್ಷೇಲಿ ಬರೆದ್ರೆ ಸೊನ್ನೆ ಕೊಡ್ತಾರೆ" ಅನ್ನುತ್ತಿದ್ದಳು. ಆದರೆ ಅವ್ವನ ಹೆಚ್ಚಿದೆ, ಶಾಂತ ಮಾಡು, ಬತ್ತೀನಿ ಇವೆಲ್ಲ ಅವಳ ತವರಿನಲ್ಲೂ ಇದ್ದವು. ಆದ್ದರಿಂದ ಅತ್ತೆ ಸೊಸೆಗೆ ಮೊದಲ ದಿನವೇ ಹೊಂದಿಕೆಯಾಯಿತು. ಮನೆಗೆ ನಗು ಬಂದದ್ದು ಪ್ರಭಾಳಿಂದ. ಅವಳಿಲ್ಲದೆ ಈಗ ಮನೆಯಲ್ಲಿ ನಗು ಹೆಚ್ಚಿದೆ ಅನ್ನಬೇಕು, ಅವ್ವನ ಭಾಷೆಯಲ್ಲಿ.

ಎರಡು ವರ್ಷದ ಹಿಂದೆ, ಮಳೆ ಹಿಡಿಯುವ ಹೊತ್ತಿಗೆ, ಅವಳಿಗೆ ಜ್ವರ ಬಂತು. ಬಂದದ್ದು ಬಿಡಲಿಲ್ಲ. "ಮುಖದಲ್ಲಿ ಕಳೇನೇ ಇಲ್ವಲ್ಲೆ" ಎಂದು ಅವ್ವ ದಿನಾ ಅವಳ ಗಲ್ಲ ಹಿಡಿದು ನೋಡುತ್ತಿದ್ದಳು. ರಕ್ತದಲ್ಲೇ ಏನೋ ಇದೆ, ಮೈಸೂರಿಗೆ ಕರೆದುಕೊಂಡು ಹೋಗಿ ಎಂದು ಇಲ್ಲಿನ ಡಾಕ್ಟರು ಹೇಳಿದರು. ನಿಮಗೆ ಗೊತ್ತಲ್ಲ, ರಾತ್ರಿ ಮುತ್ತಂಗದ ಕಾಡಿನ ರಸ್ತೆಗೆ ಗೇಟು ಹಾಕುತ್ತಾರೆ. ಅದಕ್ಕೆ ಮೊದಲು ದಾಟಬೇಕೆಂದು ಮಧ್ಯಾಹ್ನವೇ ನೇಮಿ ಜೀಪು ತೆಗೆದ. ಚಂದು ಅಂಗಳದಲ್ಲಿ ಮಳೆನೀರಿಗೆ ಕಾಲುವೆ ತೋಡುತ್ತಿದ್ದಳು. ಪ್ರಭಾ ಜೀಪಿನ ಕಿಟಕಿಯಿಂದ ಕೈ ಹೊರಗೆ ಹಾಕಿ, "ಚಂದೂ, ಬತ್ತೀನಿ ಮಗ" ಎಂದಳು. ಚಂದು ಕಾಲುವೆಯಿಂದ ತಲೆಯೆತ್ತಿ, "ಹ್ಞೂಂ" ಎಂದಳು.

ಅವಳು ಬರಲಿಲ್ಲ. ಮೈಸೂರಿನಿಂದಲೇ ತವರಿಗೆ ಒಯ್ದರು, ಸಂಸ್ಕಾರ ಅಲ್ಲೇ ಆಯಿತು. ನಾವೆಲ್ಲ ಹೋದೆವು. ಚಂದುವನ್ನು ಸಾರಮ್ಮ ಚೇಚಿಯ ಮನೆಯಲ್ಲಿ ಬಿಟ್ಟು ಹೋದೆವು. ಎಳೆಯ ಮಗು, ಅದನ್ನೆಲ್ಲ ಯಾಕೆ ನೋಡಬೇಕು ಎಂದಳು ಅವ್ವ. ತಿರುಗಿ ಬಂದಾಗ ಚಂದು ಗೇಟಿಗೆ ಓಡಿಬಂದು ಜೀಪಿನೊಳಗೆ ಇಣುಕಿ ನೋಡಿದಳು. "ಅಮ್ಮ ಎಲ್ಲಿ?" ಎಂದಳು. ನೇಮಿ ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದ, ಇಳಿಯಲಿಲ್ಲ. "ಮೈಸೂರಲ್ಲವಳೆ" ಎಂದುಬಿಟ್ಟಳು ಅವ್ವ. "ಬತ್ತೀನಿ ಅಂದಿದ್ಲಲ್ಲ" ಎಂದಳು ಚಂದು. "ಹ್ಞೂಂ ಕನ, ಅಂದಿದ್ಲು" ಎಂದಳು ಅವ್ವ. ಯಾರೂ ಸುಳ್ಳು ಹೇಳಲಿಲ್ಲ, ನೋಡಿ. ಅಂದದ್ದಂತೂ ನಿಜವೇ.

ನಮ್ಮ ಮನೆಯಲ್ಲಿ ಸಂಜೆ ಬೆಳಕಿರುವಾಗಲೇ ಊಟ. ತಟ್ಟೆ ಇಡುವುದು ಚಂದುವಿನ ಕೆಲಸ. ಸ್ಟೀಲಿನ ತಟ್ಟೆಗಳನ್ನು ಎದೆಗೊತ್ತಿಕೊಂಡು ತಂದು, ಪಡುವಣ ಕಿಟಕಿಯ ಬಿಸಿಲು ಬೀಳುವ ಜಾಗದಲ್ಲಿ ಸಾಲಾಗಿ ಇಡುತ್ತಾಳೆ. ಅಜ್ಜಿಗೆ, ಅಪ್ಪನಿಗೆ, ಅಮ್ಮನಿಗೆ, ಅತ್ತೆಗೆ, ತನಗೆ. ಆ ಸಂಜೆಯೂ ಐದು ಇಟ್ಟಳು. ಮಾರನೆಯ ಸಂಜೆಯೂ ಐದು. ನಾವು ನಾಲ್ವರು ಉಣ್ಣುತ್ತಿದ್ದೆವು. ಊಟವಾದ ಮೇಲೆ ಅವ್ವ ಆ ಒಣ ತಟ್ಟೆಯನ್ನೂ ಎಂಜಲು ತಟ್ಟೆಗಳ ಜೊತೆ ಸೇರಿಸಿ ತೊಳೆದಿಡುತ್ತಿದ್ದಳು. ಹೀಗೇ ನಡೆಯಿತು. ಮಳೆಗಾಲ ಹೋಯಿತು, ಕಾಫಿ ಹಣ್ಣಾಯಿತು, ನಡೆಯುತ್ತಲೇ ಇತ್ತು.

ಆಗಲೇ ಚಂದುವಿನ ಕ್ಲಾಸ್ ಟೀಚರು ಫೋನು ಮಾಡಿದ್ದು. ಚಿಕ್ಕ ವಯಸ್ಸಿನ ಹುಡುಗಿ, ನನ್ನ ಮೇಲೆ ಗೌರವ. ಮಲಯಾಳದಲ್ಲಿ ಬಹಳ ಸಂಕೋಚದಿಂದ ಮಾತಾಡಿದಳು. "ಟೀಚರೇ, ನಿಮ್ಮ ಚಂದನಾ ಮೋಳು ಎಲ್ಲವನ್ನೂ ಕೂಡುತ್ತಾಳೆ. ಕಳೆಯುವ ಲೆಕ್ಕ ಕೊಟ್ಟರೂ ಕೂಡುತ್ತಾಳೆ, ಇಲ್ಲದಿದ್ದರೆ ಮೊದಲಿನ ಸಂಖ್ಯೆಯನ್ನೇ ಬರೆದಿಡುತ್ತಾಳೆ. ನೀವು ಒಂದು ಸಲ ನೋಡುತ್ತೀರಾ?" ಊರಿನ ಮಕ್ಕಳಿಗೆಲ್ಲ ಕಳೆಯುವುದನ್ನು ಕಲಿಸಿದ ಘನವಂತೆಯ ಮನೆಯಲ್ಲೇ ಹೀಗೆ. ಫೋನಿಟ್ಟು ನನಗೆ ನಾನೇ ನಕ್ಕೆ. ಒಂದು ಭಾನುವಾರ ಸಾಕು ಅಂದುಕೊಂಡೆ.

ಭಾನುವಾರ ಜಗಲಿಯ ಕೆಂಪು ಗಾರೆಯ ಮೇಲೆ ಸೀಮೆಸುಣ್ಣ ಹಿಡಿದು ಕೂತೆವು. ಪುಸ್ತಕದಲ್ಲಿದ್ದ ಲೆಕ್ಕವನ್ನೇ ಕೇಳಿದೆ. ಅಮ್ಮನ ಕೈಯಲ್ಲಿ ಹತ್ತು ಬಳೆ, ಅದರಲ್ಲಿ ನಾಲ್ಕು ಒಡೆಯಿತು, ಇನ್ನೆಷ್ಟು? ಪುಸ್ತಕದ ಮಲಯಾಳವನ್ನು ಚಂದು ತುಟಿಯಲ್ಲೇ ಓದಿಕೊಂಡು, "ಹದಿನಾಲ್ಕು" ಎಂದಳು.

"ಹೆಂಗೆ ಮಗ?"

"ನಾಕು ಬಳೆ ಹೆಚ್ಚಿತಲ್ಲ ಅತ್ತೆ. ಹತ್ತೂ ನಾಕೂ ಹದ್ನಾಕು."

ನಾನು ಎಷ್ಟು ನಕ್ಕೆನೆಂದರೆ ಅವ್ವ ಒಳಗಿನಿಂದ ಬಂದು ನೋಡಿದಳು. ಮಲಯಾಳದಲ್ಲಿ ಒಡೆದ ಬಳೆಯನ್ನು ಈ ಹುಡುಗಿ ಮನಸ್ಸಿನಲ್ಲೇ ಕನ್ನಡಕ್ಕೆ ತಂದು ಹೆಚ್ಚಿಸಿ, ಮತ್ತೆ ಮಲಯಾಳದಲ್ಲಿ ಉತ್ತರ ಬರೆಯುತ್ತಿದ್ದಳು. ಅಂದರೆ ಲೆಕ್ಕ ತಪ್ಪಲ್ಲ, ಅವ್ವನದು ತಪ್ಪು. "ನೋಡವ್ವ ನಿನ್ನ ಕನ್ನಡ, ಮೊಮ್ಮಗಳನ್ನ ಫೇಲ್ ಮಾಡಿಸ್ತು" ಎಂದೆ. "ಹೆಚ್ಚಿದ್ದನ್ನ ಹೆಚ್ಚಿತು ಅಂದವಳೆ, ಅದ್ರಲ್ಲಿ ಏನು ತಪ್ಪು" ಎಂದು ಅವ್ವ ಒಳಗೆ ಹೋದಳು.

ಬಳೆಯ ಗಂಟು ಬೇಗ ಬಿಚ್ಚಿತು. ಮಾತಿಗೆ ಹೆಚ್ಚಿತು ಅನ್ನಬೇಕು, ಲೆಕ್ಕಕ್ಕೆ ಒಡೆಯಿತು ಅನ್ನಬೇಕು ಎಂದೆ. ಒಪ್ಪಿಕೊಂಡಳು. ಮಕ್ಕಳು ಇಂಥದ್ದನ್ನೆಲ್ಲ ದೊಡ್ಡವರಿಗಿಂತ ಬೇಗ ಒಪ್ಪಿಕೊಳ್ಳುತ್ತಾರೆ. ಆಮೇಲೆ ದೊಡ್ಡ ಲೆಕ್ಕಕ್ಕೆ ಬಂದೆ. ನಲವತ್ತೆರಡರಲ್ಲಿ ಹದಿನೇಳು. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಹತ್ತು ಕಡ ತರಬೇಕು ಎಂದು ನನ್ನ ಹಳೆಯ ಪಾಠ ಒಪ್ಪಿಸಿದೆ. ಕಡ ತರುವುದು ಅವಳಿಗೆ ಚೆನ್ನಾಗಿ ಗೊತ್ತು. ಬೆಲ್ಲ, ಕಾಫಿಪುಡಿ ಎಂದು ಬಟ್ಟಲು ಹಿಡಿದು ಸಾರಮ್ಮ ಚೇಚಿಯ ಮನೆಗೆ ಹೋಗುವವಳು ಅವಳೇ. ತಿರುಗಿ ಕೊಡುವಾಗ ಬಟ್ಟಲಿಗೆ ಗೋಪುರ ಬರುವ ಹಾಗೆ ತುಂಬಿ ಕೊಡಬೇಕು ಎಂಬುದು ಅವ್ವನ ಕಾನೂನು. ಚಂದು ಉತ್ತರ ಬರೆದು, ಸೀಮೆಸುಣ್ಣ ಕೆಳಗಿಟ್ಟು, "ಆ ಹತ್ತನ್ನ ಯಾವಾಗ ತಿರುಗಿ ಕೊಡದು ಅತ್ತೆ?" ಎಂದು ಕೇಳಿದಳು.

ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. "ಅದನ್ನ ತಿರುಗಿ ಕೊಡಂಗಿಲ್ಲ ಮಗ" ಎಂದೆ.

"ಹಂಗಾದ್ರೆ ಅದು ಕಡ ಅಲ್ಲ, ಕಿತ್ಕೊಂಡಿದ್ದು" ಎಂದಳು.

ಹೌದಲ್ಲ ಅನ್ನಿಸಿತು. ಮಾರನೆಯ ದಿನ ಸ್ಕೂಲಿನಲ್ಲಿ ಇದೇ ಪಾಠ ಮಾಡುವಾಗ ಬಾಯಿ ತಡೆಯಿತು.

ಆ ಭಾನುವಾರವೇ, ಸುಲಭವಾಗಿ ಮುಗಿಯಿತು ಅಂದುಕೊಂಡು ಕೊನೆಗೆ ಒಂದು ಹಕ್ಕಿಯ ಲೆಕ್ಕ ಕೊಟ್ಟೆ. ಎಲ್ಲ ಮಕ್ಕಳಿಗೂ ಕೊನೆಗೆ ಕೊಡುವುದು ಅದನ್ನೇ. ಮರದಲ್ಲಿ ಐದು ಮೈನಾ ಕೂತಿದ್ದವು, ಒಂದು ಹಾರಿಹೋಯಿತು, ಎಷ್ಟು ಉಳಿದವು?

"ಐದು."

"ಒಂದು ಹಾರೋಯ್ತಲ್ಲ ಮಗ."

"ಬತ್ತದೆ ಅತ್ತೆ."

ಬೇರೆ ಲೆಕ್ಕ ಕೊಟ್ಟೆ. ಬಸ್ಸಿನಿಂದ ಇಳಿದವರು, ಹಟ್ಟಿಯಿಂದ ಮೇಯಲು ಹೋದ ಹಸು, ಅಂಗಡಿಗೆ ಹೋದ ಅಣ್ಣ. ಒಡೆದದ್ದನ್ನು ಕಳೆಯುತ್ತಿದ್ದಳು, ತಿಂದದ್ದನ್ನು ಕಳೆಯುತ್ತಿದ್ದಳು. ಹೋದದ್ದನ್ನು ಮಾತ್ರ ಕಳೆಯುತ್ತಿರಲಿಲ್ಲ. ಹೋದವರೆಲ್ಲ ಅವಳ ಲೆಕ್ಕದಲ್ಲಿ ಇದ್ದೇ ಇದ್ದರು. ಅಷ್ಟು ಹೊತ್ತು ನಗುತ್ತಿದ್ದವಳು ನಾನು. ನೆಲದ ಮೇಲಿನ ಸೀಮೆಸುಣ್ಣವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಇವತ್ತಿಗೆ ಸಾಕು ಎಂದೆ.

ಆ ವಾರದಲ್ಲೇ ಇನ್ನೊಂದಾಯಿತು. ಮೈಸೂರಿನಿಂದ ಬರುವ ಕೆಂಪು ಬಸ್ಸು ಸಂಜೆಯ ಮುಂದೆ ನಮ್ಮ ಸ್ಟಾಪಿನಲ್ಲಿ ನಿಲ್ಲುತ್ತದೆ. ಚಂದು ಗೇಟಿನ ಹತ್ತಿರ ನಿಂತು ಅದನ್ನು ನೋಡುವುದು ನಮಗೆ ಗೊತ್ತಿತ್ತು. ಆ ದಿನ ಗೇಟು ತೆಗೆದು, ಒಬ್ಬಳೇ ರಸ್ತೆ ದಾಟಿ ಹೋಗಿದ್ದಳು. ಪ್ರವಾಸಿಗಳ ಕಾರುಗಳು ಕಾಡು ನೋಡಲು ಹಾರಿಕೊಂಡು ಹೋಗುವ ರಸ್ತೆ ಅದು. ಒಂದು ಕಾರು ಕಿರ್ರೆಂದು ಬ್ರೇಕು ಹಾಕಿದ ಸದ್ದಿಗೆ ನಾವೆಲ್ಲ ಓಡಿದೆವು. ಕಂಡಕ್ಟರು ಅವಳ ಕೈ ಹಿಡಿದುಕೊಂಡು ಈಚೆ ಬರುತ್ತಿದ್ದ. ಕಾಡಿನಾಚೆಯ ಕನ್ನಡದವನು. "ಅವರಮ್ಮ ಬಸ್ಸಲ್ಲಿದಾರಾ ಅಂತ ಕೇಳ್ತಾ ಇದೆ, ಯಾವ ಸ್ಟಾಪಲ್ಲಿ ಹತ್ತಿದ್ರು, ಗೊತ್ತಾಗ್ಲಿಲ್ಲ" ಎಂದ. ನೇಮಿ ಅವನ ಕೈಯಿಂದ ಮಗಳನ್ನು ಎತ್ತಿಕೊಂಡ.

ಅವತ್ತು ಚಂದು ಸಾರಮ್ಮ ಚೇಚಿಯ ಮನೆಗೆ ಆಡಲು ಹೋದಾಗ ಅಡುಗೆಮನೆಯಲ್ಲಿ ಮಾತಾಯಿತು. ಹೇಳಲೇಬೇಕು ಎಂದೆ ನಾನು.

"ಬ್ಯಾಡ ಕನೆ. ಎಳೇ ಮಗ. ದೊಡ್ಡೋಳಾದಂಗೆ ಅದೇ ತಿಳ್ಕತದೆ" ಎಂದಳು ಅವ್ವ.

"ಅಷ್ಟ್ರಲ್ಲಿ ಕಾರಿನಡಿ ಸಿಕ್ಕಂಡ್ರೆ?"

"ಗೇಟಿಗೆ ಬೀಗ ಹಾಕಿದ್ರಾಯ್ತು."

"ಸ್ಕೂಲಲ್ಲಿ ಒಂದು ಲೆಕ್ಕ ಮಾಡಲ್ಲ ಅವ್ವ."

"ಮಾಡ್ದೇ ಇರ್ಲಿ ಬುಡು. ಒಂದು ಲೆಕ್ಕ ಬರ್ದಿದ್ರೆ ಏನಾಯ್ತದೆ? ನಂಗೇನು ಬತ್ತದಾ?" ಅವ್ವನ ದನಿ ಒಡೆದಿತ್ತು. "ನಾಳೆ ಸಾಯಂಕಾಲ ಆ ತಟ್ಟೆ ಇಡ್ಬ್ಯಾಡ ಅಂತ ಯಾವ ಬಾಯಲ್ಲಿ ಹೇಳ್ತೀಯೆ ನೀನು?"

ನೇಮಿ ಬಾಗಿಲಿಗೆ ಒರಗಿ ನಿಂತಿದ್ದ. "ನನ್ ಕೈಲಾಗಲ್ಲ ಅಕ್ಕ. ಹೇಳದಾದ್ರೆ ನೀನೇ ಹೇಳು. ನೀನು ಟೀಚರಲ್ವಾ" ಎಂದು ತೋಟಕ್ಕೆ ನಡೆದ. ಟೀಚರಂತೆ. ಬಾಟಲಿಯ ಮುಚ್ಚಳ ಎಣಿಸುವ ಟೀಚರು.

ಮತ್ತೊಂದು ಭಾನುವಾರ ಬಂತು. ಹೊರಗೆ ಮೋಡ ಕವಿದಿತ್ತು. ನಡುಮನೆಯಲ್ಲಿ ಅವ್ವ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ನಾನು ಚಂದುವನ್ನು ಜಗಲಿಗೆ ಕರೆದು, ಅದೇ ಹಕ್ಕಿಯ ಲೆಕ್ಕವನ್ನು ಸೀಮೆಸುಣ್ಣದಲ್ಲಿ ಬರೆದೆ. ಐದು, ಅದರ ಕೆಳಗೆ ಒಂದು, ಪಕ್ಕದಲ್ಲಿ ಕಳೆಯುವ ಗುರುತು, ಅಡಿಯಲ್ಲಿ ಗೀಟು. ಚಂದು ಅದನ್ನೇ ನೋಡಿದಳು. ಉತ್ತರ ಬರೆಯಲಿಲ್ಲ.

"ಹಾರೋದ ಹಕ್ಕಿ ಬತ್ತದಾ ಇಲ್ವಾ, ನೀನೇ ಹೇಳು ಅತ್ತೆ" ಎಂದಳು.

ಮಲಯಾಳದಲ್ಲಾಗಿದ್ದರೆ ಹೇಳಿಬಿಡುತ್ತಿದ್ದೆ, ಅಲ್ಲಿ ಅದಕ್ಕೆ ಬೇಕಾದಷ್ಟು ಮಾತು ನನ್ನ ಬಾಯಲ್ಲಿವೆ. ಕನ್ನಡದಲ್ಲಿ ಹುಡುಕಿದೆ. ಹೋಗಿಬಿಟ್ಟಳು, ತೀರಿಕೊಂಡಳು, ಕಾಲವಾದಳು, ದೇವರ ಹತ್ತಿರ ಇದ್ದಾಳೆ. ಯಾವುದನ್ನು ಎತ್ತಿಕೊಂಡರೂ ಅದರಲ್ಲಿ ಈ ಹುಡುಗಿ ತಿರುಗಿ ಬರುವ ದಾರಿ ಹುಡುಕುತ್ತಾಳೆ ಎಂದು ಗೊತ್ತಿತ್ತು. ದೇವರ ಹತ್ತಿರದಿಂದ ಯಾವ ಬಸ್ಸು ಅನ್ನುತ್ತಾಳೆ. ಉಳಿದದ್ದು ಒಂದೇ ಮಾತು. ನಮ್ಮ ಮನೆಯಲ್ಲಿ ಇಲಿಗೆ, ಜಿರಳೆಗೆ ಬಿಟ್ಟರೆ ಆ ಮಾತನ್ನು ಯಾರಿಗೂ ಆಡಿದವರಿಲ್ಲ.

"ಈ ಹಕ್ಕಿ ಬರಲ್ಲ ಮಗ" ಎಂದೆ.

"ಬತ್ತೀನಿ ಅಂತ ಹೇಳಿ ಹೋಗಿದ್ರೂ?"

"ಹೇಳಿ ಹೋಗಿದ್ರೂ. ಅಮ್ಮ ಸತ್ತೋದ್ಲು ಚಂದು. ಇನ್ನು ಬರಲ್ಲ."

ಒಳಗೆ ಮೊರದ ಸದ್ದು ನಿಂತಿತು. ಚಂದು ಅಳಲಿಲ್ಲ. ತನ್ನ ಕಾಲಿನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಗೊತ್ತು" ಎಂದಳು. "ಸ್ಕೂಲಲ್ಲಿ ಎಲ್ರೂ ಹೇಳಿದ್ರು. ಸಾರಮ್ಮ ಚೇಚಿನೂ ಹೇಳಿದ್ರು, ಅತ್ಕಂಡು ಹೇಳಿದ್ರು."

"ಮತ್ಯಾಕೆ ಮಗ, ಬಸ್ಸಿನ ಹತ್ರ ಹೋದೆ?"

"ಅವ್ರೆಲ್ಲ ಮಲಯಾಳದಲ್ಲಿ ಹೇಳಿದ್ದು ಅತ್ತೆ. ಕನ್ನಡದಲ್ಲಿ ಯಾರೂ ಹೇಳಿರ್ಲಿಲ್ವಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಅವಳಿಗೆ ಗೊತ್ತಿಲ್ಲವೆಂದು ನಾವು ಅದು ಹೇಗೆ ನಂಬಿಕೊಂಡಿದ್ದೆವೋ. ಅಷ್ಟು ತಿಂಗಳು ಆ ಮಗು ಎರಡನ್ನೂ ನಂಬಿಕೊಂಡು ಓಡಾಡಿತ್ತು. ಬೇಲಿಯಾಚೆ ಉಪ್ಪು ತೀರುತ್ತದೆ, ಅಮ್ಮನೂ ತೀರಿದ್ದಾಳೆ. ಬೇಲಿಯೀಚೆ ಉಪ್ಪು ಹೆಚ್ಚುತ್ತದೆ, ಅಮ್ಮ ಮೈಸೂರಲ್ಲಿದ್ದಾಳೆ. ಆ ಈಚೆಯದನ್ನು ನಾನು ಕಿತ್ತುಕೊಂಡೆ. ಅವಳು ನನ್ನ ಮುಖವನ್ನು ಒಂದು ಸಲ ನೋಡಿ, ಸೀಮೆಸುಣ್ಣ ತೆಗೆದುಕೊಂಡು, ಗೀಟಿನ ಕೆಳಗೆ ನಾಲ್ಕು ಎಂದು ಬರೆದಳು. "ಶರಿಯಾ?" ಎಂದು ಸ್ಕೂಲಿನ ಮಲಯಾಳದಲ್ಲಿ ಕೇಳಿದಳು. ಉತ್ತರ ಬರೆದ ಮೇಲೆ ನಾನು ಸರಿ ಗುರುತು ಹಾಕುವವರೆಗೆ ಅವಳು ಬಿಡುವವಳಲ್ಲ. ಹಾಕಿದೆ.

ಅವ್ವ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟಳು. ಕಾಫಿಯ ಲೋಟವನ್ನು ಮುಂದಿಡುವಾಗ ಸದ್ದು ಮಾಡಿ ಇಡುತ್ತಿದ್ದಳು. ನಾನು ಬಸ್ಸಿಗೆ ಹೊರಟು, "ಬತ್ತೀನಿ ಅವ್ವ" ಅಂದರೆ ತಲೆಯನ್ನೂ ಎತ್ತುತ್ತಿರಲಿಲ್ಲ. ಚಂದು ಈಗ ಎಲ್ಲ ಲೆಕ್ಕವನ್ನೂ ಸರಿಯಾಗಿ ಮಾಡುತ್ತಾಳೆ, ಏನು ಮಾಡಿದಿರಿ ಟೀಚರೇ, ನಮಗೂ ಹೇಳಿಕೊಡಿ ಎಂದು ಅವಳ ಕ್ಲಾಸ್ ಟೀಚರು ಫೋನು ಮಾಡಿದಳು. ಹುಣಸೆಬೀಜ ಇಟ್ಟು ಕಲಿಸಿದೆ ಎಂದೆ.

ಬಸ್ಸು ನೋಡಲು ಗೇಟಿಗೆ ಹೋಗುವುದನ್ನು ಚಂದು ತಾನೇ ಬಿಟ್ಟಳು. ತಟ್ಟೆ ಮಾತ್ರ ಐದನ್ನೇ ಇಡುತ್ತಿದ್ದಳು. ಲೆಕ್ಕ ಬಂದ ಮೇಲೂ ಐದು. ಅವ್ವ ಒಣ ತಟ್ಟೆಯನ್ನು ತೊಳೆಯುತ್ತಲೇ ಇದ್ದಳು. ನನಗೂ ಆಗ ಅದೇ ಬೇಕಾಗಿತ್ತು ಅನ್ನಿಸುತ್ತದೆ. ಆ ತಟ್ಟೆ ಅಲ್ಲಿರುವವರೆಗೆ ನಾನು ಹೇಳಿದ ಮಾತು ಪೂರ್ತಿ ಹೇಳಿದ ಹಾಗಾಗುತ್ತಿರಲಿಲ್ಲ.

ಕಾಫಿ ಕೊಯ್ಲು ಮುಗಿದ ಮೇಲಿನ ಒಂದು ಸಂಜೆ. ನೇಮಿ ಕೈಕಾಲು ತೊಳೆದು ಬಂದು ಕೂತಿದ್ದ. ನಾನು ನೀರಿನ ಚೊಂಬು ತಂದಿಡುತ್ತಿದ್ದೆ. ಚಂದು ತಟ್ಟೆಗಳನ್ನು ಎದೆಗೊತ್ತಿಕೊಂಡು ಬಂದಳು. ಕಿಟಕಿಯ ಬಿಸಿಲಿನಲ್ಲಿ ಬಗ್ಗಿ ಒಂದೊಂದಾಗಿ ಇಟ್ಟಳು. ಅಜ್ಜಿಗೆ, ಅಪ್ಪನಿಗೆ, ಅತ್ತೆಗೆ, ತನಗೆ. ಒಂದು ಕೈಯಲ್ಲೇ ಉಳಿಯಿತು. ನೇಮಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಚಂದು ಅದನ್ನು ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಿಗೆ ಹೋದಳು. ಒಳಗೆ ಅವ್ವ ಮುದ್ದೆ ಕಟ್ಟುತ್ತಿದ್ದಳು.

"ಅಜ್ಜಿ" ಎಂದಳು, "ಒಂದು ತಟ್ಟೆ ಹೆಚ್ಚಿದೆ."

ಅವ್ವ ಸೆರಗಿಗೆ ಕೈ ಒರೆಸಿಕೊಂಡು, ಕೈ ಚಾಚಿ ಅದನ್ನು ಇಸಿದುಕೊಂಡಳು.